ಶೇಂಗಾ ಹೊಲದಲ್ಲಿ ಅವ್ವ ಹೇಳಿದ ಸುಳ್ಳು

ಚಳ್ಳಕೆರೆ ಹತ್ತಿರದ ನನ್ನಿವಾಳ ಊರಿನಾಚೆ, ನಮ್ಮ ಹೊಲದ ಮಗ್ಗುಲಿಗೆ ಬೀಳು ಬಿದ್ದ ಬಯಲು. ಎರಡು ವರ್ಷದ ಹಿಂದೆ ತರಬೇತಿಯ ಹೆಲಿಕಾಪ್ಟರೊಂದು ಅಲ್ಲಿಗೆ ಬರತೊಡಗಿತು. ಹಾರುವಾಗ ಇಂಜಿನ್ ಕೈಕೊಟ್ಟರೆ ಹೇಗೆ ಇಳಿಸಬೇಕು ಎಂಬುದರ ಅಭ್ಯಾಸ. ಮೇಲೆ ಇಂಜಿನ್ನಿನ ಸದ್ದು ತಗ್ಗುತ್ತಿತ್ತು. ರೆಕ್ಕೆ ಬರೀ ಗಾಳಿಗೆ ತಿರುಗುತ್ತಾ ಅದು ಸರ್ರನೆ ಇಳಿಯುತ್ತಿತ್ತು. ಇನ್ನೇನು ನೆಲ ಮುಟ್ಟಿತು ಎನ್ನುವಾಗ ಮತ್ತೆ ಅಬ್ಬರಿಸಿ ಮೇಲೇಳುತ್ತಿತ್ತು. ಮೊದಮೊದಲು ಎದೆ ಹಿಡಿದುಕೊಳ್ಳುತ್ತಿದ್ದ ಅವ್ವ ಆಮೇಲೆ ತಲೆ ಎತ್ತುವುದನ್ನೂ ಬಿಟ್ಟಳು.

ನಾನು ಪಾಠ ಹೇಳುವ ಶಾಲೆಗೆ ಆಗ ದಸರಾ ರಜೆ. ನಾನು ಶೇಂಗಾ ಕೀಳುತ್ತಿದ್ದೆ, ಅವ್ವ ಬದುವಿನ ಹುಲ್ಲು ಕೊಯ್ಯುತ್ತಿದ್ದಳು. ಅವತ್ತು ಹೆಲಿಕಾಪ್ಟರ್ ಇಳಿಯಿತು, ಏಳಲಿಲ್ಲ. ಬಾಲ ಬದುವಿಗೆ ಬಡಿದು, ಗಿರ್ರನೆ ತಿರುಗಿ ಮಗುಚಿತು.

"ಬಾರೇ, ನೋಡ್ತಾ ನಿಂತ್ಕಬ್ಯಾಡ!" ಅವ್ವ ಕುಡುಗೋಲು ಹಿಡಿದೇ ಓಡಿದಳು.

ಒಳಗೆ ಇಬ್ಬರು. ಕಲಿಸುವವರು ಕೆಳಗಿನ ಬದಿಯಲ್ಲಿ, ಕತ್ತು ವಾಲಿಸಿಕೊಂಡು. ಕಲಿಯುವ ತರುಣ ಬೆಲ್ಟಿನಲ್ಲಿ ನೇತಾಡುತ್ತಿದ್ದ. ಎಣ್ಣೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಅವ್ವ ಬೆಲ್ಟ್ ಕೊಯ್ದಳು, ನಾನು ಅವನನ್ನು ಹೊರಗೆಳೆದೆ.

"ಸರ್ ಹೇಗಿದ್ದಾರೆ?" ಎಂದ. ಕನ್ನಡದವನೇ.

ಅವ್ವ ಬಾಗಿ ಅವರ ಮೂಗಿನ ಬಳಿ ಕೈ ಹಿಡಿದಳು. ನನ್ನತ್ತ ನೋಡಿ ಇಲ್ಲವೆಂದು ತಲೆಯಾಡಿಸಿದಳು. ಅವನಿಗೆ ಮಾತ್ರ, "ಉಸಿರಾಡ್ತಾವ್ರೆ ಕಣಪ್ಪ, ನೀನು ಮಲಗು" ಎಂದಳು.

ತರಬೇತಿಯವರ ಜೀಪು ಬಂದು ಚಳ್ಳಕೆರೆ ಆಸ್ಪತ್ರೆಗೆ ಒಯ್ಯುವವರೆಗೂ ಅವನು ಅವ್ವನ ಸೆರಗು ಬಿಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ತರುಣ ಕುಂಟುತ್ತಾ ನಮ್ಮ ಮನೆಗೆ ಬಂದ. ಅವ್ವ ಕೊಟ್ಟ ಮಜ್ಜಿಗೆ ಕುಡಿಯಲಿಲ್ಲ.

"ಅಮ್ಮ, ಅವತ್ತು ಸರ್ ಉಸಿರಾಡ್ತಿದ್ರಾ?"

"ಇಲ್ಲಪ್ಪ. ಸುಳ್ಳು ಹೇಳಿದ್ದೆ. ನಿಜ ಹೇಳಿದ್ರೆ ನೀನೂ ಉಳಿಯಲ್ಲ ಅನ್ನಿಸ್ತು."

ಅವನು ಮಜ್ಜಿಗೆಯ ಲೋಟ ಪಕ್ಕಕ್ಕೆ ಸರಿಸಿದ. "ಕೊನೇಲಿ ಇಂಜಿನ್‌ಗೆ ವೇಗ ಕೊಡಬೇಕಾದವನು ನಾನು. ತಡ ಮಾಡ್ದೆ. ಅವರು ಕೈ ಚಾಚೋಷ್ಟರಲ್ಲಿ ನೆಲ ಬಂದಿತ್ತು."

"ಅವರ ಮನೇಲಿ ಯಾರವ್ರೆ?"

"ಹೆಂಡತಿ ಇದ್ದಾರೆ. ನಾನಿನ್ನೂ ಹೋಗಿಲ್ಲ."

"ಮೊದ್ಲು ಅಲ್ಲಿಗೆ ಹೋಗ್ಬೇಕಿತ್ತು. ಈಗಾದ್ರೂ ಹೋಗು."

ಅವನು ಬಸ್ಸು ಹತ್ತಿದ ಮೇಲೆ ಅವ್ವ ಅಂಗೈ ನೋಡಿಕೊಳ್ಳುತ್ತಾ ಹೇಳಿದಳು: "ಅವತ್ತು ಅವರ ಮೂಗಿನ ಹತ್ರ ಒಂಚೂರು ಬೆಚ್ಚಗೆ ತಾಕಿತ್ತೇನೋ ಕಣೇ. ಗಾಳೀನೋ, ಉಸಿರೋ, ಗೊತ್ತಾಗ್ಲಿಲ್ಲ." ಅಲ್ಲಿಯವರೆಗೆ ಅವಳು ಅದನ್ನು ನನಗೂ ಹೇಳಿರಲಿಲ್ಲ. ಈಗಲೂ ಕೆಲವೊಮ್ಮೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೂತುಬಿಡುತ್ತಾಳೆ.

ತಿಂಗಳ ನಂತರ ಅವನ ಫೋನ್ ಬಂತು. "ಹೋಗಿದ್ದೆ. ತಡ ಮಾಡಿದ್ದು ನಾನೇ ಅಂತ ಹೇಳೋಕೆ ಬಾಯಿ ಬರಲಿಲ್ಲ. ಅವರೇ ಊಟಕ್ಕೆ ಕೂರಿಸಿದರು" ಎಂದ. ಮತ್ತೆ ಹಾರುತ್ತಿದ್ದೀಯಾ ಎಂದು ಕೇಳಬೇಕೆಂದುಕೊಂಡೆ. ಕೇಳಲಾಗಲಿಲ್ಲ.