ಮೂರನೇ ಸೀಟಿ

ನಿಮ್ಮ ಮನೆಯ ತಾರಸಿಗೆ ಹಾಕಿದ ಜಲ್ಲಿ ಆಕಾಶದಿಂದ ಉದುರಿದ್ದಲ್ಲ, ಒಂದು ಗುಡ್ಡದ ಹೊಟ್ಟೆ ಸೀಳಿ ತಂದದ್ದು. ಇದು ನಿಮಗೆ ಗೊತ್ತು. ಗೊತ್ತಿದ್ದೂ ಆರಾಮಾಗಿ ನಿದ್ದೆ ಮಾಡುತ್ತೀರಿ.

ಅಂಥದೊಂದು ಕ್ವಾರಿಯಲ್ಲಿ ಸೀಟಿ ಊದುವ ಮುದುಕನನ್ನು ಎಲ್ಲರೂ ಕರೆಯುವುದು ಸೀಟಿಮಾವ ಎಂದೇ. ಬಂಡೆ ಸಿಡಿಸುವ ಮುಂಚೆ ಮೂರು ಸಲ ಊದಬೇಕು. ಮೊದಲನೆಯದಕ್ಕೆ ಕೆಲಸ ನಿಲ್ಲುತ್ತದೆ, ಎರಡನೆಯದಕ್ಕೆ ಜನ ದೂರ ಸರಿಯುತ್ತಾರೆ, ಮೂರನೆಯದಕ್ಕೆ ಮದ್ದಿನವನು ಗುಂಡಿ ಒತ್ತುತ್ತಾನೆ. ಮೂರನೆಯದಾದ ಮೇಲೆ ಯಾರೂ ಒಳಗೆ ಕಾಲಿಡುವಂತಿಲ್ಲ. ಇಟ್ಟವನ ಕೊರಳಪಟ್ಟಿ ಹಿಡಿದು ಎಳೆಯುವವನೂ ಮಾವನೇ.

ಮೇಲಿನ ಬಂಡೆಗಳ ಸಂದಿಯಲ್ಲಿ ಗೌಜಲಕ್ಕಿಯ ಸಂಸಾರವೊಂದಿತ್ತು. ಗಂಡು, ಹೆಣ್ಣು, ಏಳು ಮರಿ. ಹುರುಳಿಕಾಳಿನ ಬಣ್ಣದ ಮರಿಗಳು ಅಮ್ಮನ ಹಿಂದೆ ಸಾಲಾಗಿ ಓಡುವುದನ್ನು ಮಾವ ದಿನಾ ನೋಡುತ್ತಿದ್ದ. ಅಲ್ಲೇ ಮದ್ದು ತುಂಬಲು ಕುಳಿ ಕೊರೆದಾಗ ಮೇಸ್ತ್ರಿಯ ಹತ್ತಿರ ಹೋದ.

"ಒಂದು ವಾರ ಆಚೆ ಕಡೆ ಸಿಡಿಸಿ ಸ್ವಾಮಿ. ಅಷ್ಟರಲ್ಲಿ ರೆಕ್ಕೆ ಬಲೀತವೆ."

"ಏನ್ ಮಾವ, ಬಾಣಂತನಕ್ಕೆ ಕೂತಿದ್ದೀಯಾ?" ಮೇಸ್ತ್ರಿ ನಕ್ಕ. "ನಿನ್ನ ಸೀಟಿಗೆ ಆನೆ ಓಡುತ್ತೆ. ಗೌಜಲು ಯಾವ ಲೆಕ್ಕ?"

ಮಾವ ನಂಬಿದ. ಮೂವತ್ತು ವರ್ಷ ಅವನ ಸೀಟಿಗೆ ಓಡದವರನ್ನು ಅವನು ಕಂಡಿರಲಿಲ್ಲ. ಸಿಡಿಸುವ ಹೊತ್ತಿಗೆ ಆ ಸಂದಿಯ ಹತ್ತಿರ ಹೋಗಿ ಊದಿದ. ಹೆಣ್ಣುಹಕ್ಕಿ ಸಣ್ಣಗೆ ಏನೋ ಹೇಳಿತು. ಮರಿಗಳು ನೆಲಕ್ಕೆ ಅಂಟಿ ಕಲ್ಲಾದವು. ಎರಡನೇ ಸಲ ಕೆನ್ನೆ ಉಬ್ಬಿಸಿ ಊದಿದ. ತಾಯಿಯೂ ಅವುಗಳ ಮೇಲೆ ರೆಕ್ಕೆ ಹರಡಿ ಕಲ್ಲಾಯಿತು. ಇನ್ನೂ ಜೋರಾದರೆ ಎದ್ದಾವು ಎಂದು, ಹಿಂದೆ ಸರಿದು, ಉಸಿರಿರುವಷ್ಟೂ ಸುರಿದು ಮೂರನೆಯದನ್ನು ಊದಿದ.

ಆಮೇಲೆ ಹೊಳೆಯಿತು. ಹೆದರಿದರೆ ಅವು ಓಡುವುದಿಲ್ಲ, ಅಡಗುತ್ತವೆ. ಕಾಲು ಮುಂದಿಟ್ಟ. ಆದರೆ ಮೂರನೆಯದಾಗಿತ್ತು.

ಧೂಳು ಇಳಿದ ಮೇಲೆ ಗಂಡುಹಕ್ಕಿಯೊಂದೇ ಒಡೆದ ಕಲ್ಲಿನ ರಾಶಿಯ ಮೇಲೆ ನಿಂತು ಕತ್ತಲಾಗುವವರೆಗೂ ಕೂಗಿತು.

"ತಟ್ಟೆ ಮುಂದೆ ಕೂತು ಏನ್ ಎಣಿಸ್ತಿದ್ದೀರಿ?" ರಾತ್ರಿ ಊಟಕ್ಕೆ ಬಡಿಸಿ ಹೆಂಡತಿ ಕೇಳಿದಳು.

"ಏಳು ಮರಿ ಕಣೆ. ಅಲ್ಲೇ ಇರಿ ಅಂತ ನಾನೇ ಊದಿ ಹೇಳಿದ ಹಾಗಾಯ್ತು."

ಈಗ ಮಾವ ಮೊದಲ ಸೀಟಿಗೆ ಮುಂಚೆ ಬಗ್ಗಿಕೊಂಡು, ಸಂದಿಸಂದಿಗೂ ಕೋಲಾಡಿಸಿ ಬರುತ್ತಾನೆ. ಅರ್ಧ ಗಂಟೆ ಹಿಡಿಯುತ್ತದೆ. ಇನ್ನೊಂದು ಸಲ ತಡಮಾಡಿದರೆ ಮನೆಗೆ ಹೋಗು ಎಂದಿದ್ದಾನೆ ಮೇಸ್ತ್ರಿ. ಮೇಸ್ತ್ರಿಗೆ ಮೇಲಿಂದ ಮೇಲೆ ಬರುತ್ತಿರುವುದು ನಿಮ್ಮ ಫೋನು: ಜಲ್ಲಿ ಲೋಡು ಇನ್ನೂ ಬಂದಿಲ್ಲವೇಕೆ?

ಫೋನು ಕೆಳಗಿಡಿ. ಆ ಅರ್ಧ ಗಂಟೆ ಕಾಯಿರಿ.