ಬಾಗಿಲ ಮುಂದಿನ ಪೇಂಟು

ಮರಳೂರಿನ ನಮ್ಮ ಬೀದಿಯಲ್ಲಿ ಹಾಲಿನವನು ನಮ್ಮ ಮನೆ ಮುಂದೆ ಮಾತ್ರ ಬೈಕು ನಿಧಾನ ಮಾಡುತ್ತಾನೆ. ನನ್ನ ಹೆಂಡತಿ ಹಾಕಿದ ರಂಗೋಲಿಯ ಮೇಲೆ ಚಕ್ರ ಹಾಯಬಾರದೆಂದು. "ಏನ್ ಕೈ ಕಣಮ್ಮ ನಿಮ್ದು," ಎನ್ನುತ್ತಾನೆ. ಪಕ್ಕದ ಜಗಲಿಯ ಮೇಲೆ ಪೇಪರ್ ಹಿಡಿದು ಕೂತ ನಾನು ಅವನ ಕಣ್ಣಿಗೆ ಬೀಳುವುದಿಲ್ಲ.

ನನ್ನದೂ ಕೈಯೇ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ರಷ್ ಹಿಡಿದವನು, ಗುಬ್ಬಿಯಿಂದ ಸಿ.ಎಸ್. ಪುರದವರೆಗೆ ಅಂಗಡಿಗಳ ಬೋರ್ಡು ಬರೆದಿದ್ದೇನೆ. ಫ್ಲೆಕ್ಸ್ ಬಂದಮೇಲೆ ಅವೆಲ್ಲ ಒಂದೊಂದಾಗಿ ಇಳಿದವು. ಸಂಜೆಗೆ ಅಳಿಸಿಹೋಗುವ ಅವಳ ಪುಡಿಯ ಗೆರೆಯನ್ನು ಮಾತ್ರ ಜನ ನಿಂತು ನೋಡುತ್ತಾರೆ. ಅವಳಿಗೆ ಸ್ಕೇಲು ಬೇಡ, ದಾರ ಬೇಡ. ಚುಕ್ಕಿ ಇಟ್ಟು, ಬೆರಳ ಸಂದಿಯಿಂದ ಪುಡಿ ಬಿಡುತ್ತಾ ಬಳ್ಳಿ ಸುತ್ತಿದರೆ ಅದು ಹೊರಟಲ್ಲಿಗೇ ಬಂದು ಕೂಡುತ್ತದೆ. ನೋಡಿ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

ಹೋದ ವರ್ಷ ಅವಳು ಹುತ್ರಿದುರ್ಗದ ತವರಿಗೆ ಹೋದಾಗ ಅಟ್ಟದಿಂದ ಪೇಂಟಿನ ಡಬ್ಬಗಳನ್ನು ಇಳಿಸಿದೆ. ಬಾಗಿಲ ಮುಂದಿನ ಸಿಮೆಂಟು ನೆಲ ಉಜ್ಜಿ, ಒಣಗಿಸಿ, ಅಳತೆ ಹಿಡಿದು, ಎಂದೂ ಅಳಿಸದ ದೊಡ್ಡ ರಂಗೋಲಿ ಬರೆದೆ.

"ನಿನ್ನ ಮಂಡಿನೋವಿಗೆ ಅಂತ್ಲೇ ಬರ್ದೆ ಕಣೇ. ಇನ್ಮೇಲೆ ನೀನು ಬಗ್ಗೋದೇ ಬೇಡ," ಎಂದೆ, ಅವಳು ಬಂದಾಗ. ಜನ ಇನ್ನು ನನ್ನದನ್ನು ನೋಡಲಿ ಎಂಬುದು ಒಳಗಿನ ಮಾತು.

ಅವಳು ಸುತ್ತ ಒಮ್ಮೆ ನಡೆದು ನೋಡಿದಳು. "ಚೆನ್ನಾಗೈತೆ," ಎಂದಳು. ಮರುದಿನದಿಂದ ಗುಡಿಸಿ, ನೀರು ಚಿಮುಕಿಸಿ ಸುಮ್ಮನೆ ಒಳಗೆ ಬರತೊಡಗಿದಳು. ಪುಡಿಯ ಡಬ್ಬ ಕಿಟಕಿಯಲ್ಲೇ ಉಳಿಯಿತು.

ಹಾಲಿನವನು ಪೇಂಟಿನ ಮೇಲೇ ಬೈಕು ನಿಲ್ಲಿಸಿ ಕೇಳಿದ: "ಸ್ಟಿಕ್ಕರ್ರಾ ಯಜಮಾನ್ರೇ? ಎಲ್ಲಿ ತಂದ್ರಿ?"

ಕೆಲವು ದಿನ ಕಳೆದು ನೋಡಿದರೆ ಎದುರು ಮನೆಯ ಮುಂದೆ ಅವಳು ಬಗ್ಗಿ ರಂಗೋಲಿ ಹಾಕುತ್ತಿದ್ದಳು. "ಅವ್ರ ಮನೇಲಿ ಬಾಣಂತಿ ಅವ್ಳೆ, ಹಾಕೋರಿಲ್ಲ," ಎಂದಳು, ನನ್ನ ಮುಖ ನೋಡದೆ. ಹಾಲಿನವನ ಬೈಕು ಈಗ ಅಲ್ಲಿ ನಿಧಾನವಾಯಿತು. ನಮ್ಮ ಬಾಗಿಲಲ್ಲಿ ಅವಳಿಗೆ ಜಾಗವೇ ಇಲ್ಲದಂತೆ ಮಾಡಿದ್ದೆ.

ಅವತ್ತೇ ಥಿನ್ನರ್ ತಂದು ಉಜ್ಜಲು ಕೂತೆ. ಹಸಿರು ಬಣ್ಣ ಪೂರ್ತಿ ಹೋಗಲಿಲ್ಲ.

"ನಿನ್ನ ಮಂಡಿಗಲ್ಲ ಕಣೇ ಬರ್ದಿದ್ದು. ಹೊಟ್ಟೆಕಿಚ್ಚಿಗೆ," ಎಂದೆ.

"ಗೊತ್ತು ಬುಡಿ. ಮಂಡಿನೋವು ಇರೋದು ನಿಮಗಲ್ವಾ? ಏಳಿ ಮೇಲೆ. ಆ ಕಲೆ ಮ್ಯಾಲೇ ಚುಕ್ಕಿ ಇಡ್ತೀನಿ."

ಮರುದಿನ ಬೆಳಿಗ್ಗೆ ಹಾಲಿನವನು ಮತ್ತೆ ನಮ್ಮ ಮನೆ ಮುಂದೆ ಬೈಕು ನಿಧಾನ ಮಾಡಿ ಅವಳ ಕೈಯನ್ನು ಹೊಗಳಿದ. ಹಿಂದಿನ ಸಂಜೆ ಅಂಗಡಿಗೆ ಹೋಗಿ ಹೊಸ ಪುಡಿ ತಂದವನು ನಾನು. ಅದನ್ನಾದರೂ ಅವನಿಗೆ ಹೇಳಬೇಕೆಂದು ಬಾಯಿವರೆಗೆ ಬಂತು. ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ.