ಹಲ್ಲಕ್ಕನಿಗೆ ಮುಟ್ಟದ ಮೆಸೇಜುಗಳು

ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಕರೆಯುತ್ತಿದ್ದರು ಅಂದರೆ, ತಮ್ಮತಮ್ಮಲ್ಲಿ, ಅವಳಿಗೆ ಕೇಳಿಸುತ್ತಿರಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಜ್ವರ ಹದಿನೈದು ದಿನ ಕಾಡಿ, ಹೋಗುವಾಗ ಅವಳ ಎರಡು ಕಿವಿಗಳನ್ನೂ ಕಟ್ಟಿಕೊಂಡು ಹೋಗಿತ್ತು. ಈ ಅಡ್ಡಹೆಸರು ಗೊತ್ತಾದದ್ದು ಎದುರುಮನೆಯವಳ ತುಟಿ ಓದಿ. ಸಿಟ್ಟೇನೂ ಬರಲಿಲ್ಲ. ಕಿವುಡಿ ಅನ್ನಲಿಲ್ಲವಲ್ಲ, ಮಾಡುವ ಕೆಲಸದಿಂದ ಗುರುತಿಸಿದರಲ್ಲ ಎಂದು ಒಳಗೊಳಗೇ ಖುಷಿಯಾಗಿತ್ತು.

ಕಟ್ಟಿಸಿಕೊಳ್ಳುವ ಹಲ್ಲು ಮಾಡುವುದು ಅವಳ ಕಸುಬು. ಮಹಡಿಯ ಮೇಲಿನ ಕೋಣೆಯಲ್ಲಿ, ಉತ್ತರದ ಕಿಟಕಿಗೆ ಒತ್ತಿ ಒಂದು ಉದ್ದನೆಯ ಮೇಜು. ಅದರ ಮೇಲೆ ಬಿಳಿ ಪ್ಲಾಸ್ಟರಿನ ಅಚ್ಚುಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ಊರಿನ ಆರು ಮಂದಿ ಹಲ್ಲಿನ ಡಾಕ್ಟರರು ತಮ್ಮ ರೋಗಿಗಳ ದವಡೆಯ ಅಳತೆ ಕಳಿಸುತ್ತಿದ್ದರು. ಇವಳು ಮೇಣದಲ್ಲಿ ಹಲ್ಲು ಕೂರಿಸಿ, ಕಚ್ಚು ಸರಿಯಿದೆಯೇ ನೋಡಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುವಳು. ಹಲ್ಲಿನ ಬಿಳುಪಿನಲ್ಲಿ ಹದಿನಾರು ಬಗೆ. ಹದಿನಾರನ್ನೂ ಕಣ್ಣಳತೆಯಲ್ಲೇ ಹೇಳಬಲ್ಲಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯಿಂದ ಹೋದ ಹಲ್ಲು ಹೊಂದಲಿಲ್ಲ ಅಂತ ತಿರುಗಿ ಬಂದದ್ದು ಬೆರಳೆಣಿಕೆಯಷ್ಟು.

ಮೊದಲ ವರ್ಷಗಳಲ್ಲಿ ಎಲ್ಲ ಚೀಟಿಯಲ್ಲೇ ನಡೆಯುತ್ತಿತ್ತು. ಡಾಕ್ಟರು ಬರೆದ ಚೀಟಿ ಅಚ್ಚಿನ ಜೊತೆ ಬರಬೇಕು, ಇವಳಿಗೊಂದು ಸಂಶಯ ಬಂದರೆ ಬಸ್ಸು ಹತ್ತಿ ಕ್ಲಿನಿಕ್ಕಿಗೇ ಹೋಗಬೇಕು. ಅಲ್ಲಿ ಮುಖಕ್ಕೆ ಮಾಸ್ಕು ಕಟ್ಟಿಕೊಂಡ ಡಾಕ್ಟರರ ಎದುರು ತುಟಿ ಕಾಣದೆ ಪೆಚ್ಚಾಗಿ ನಿಲ್ಲಬೇಕು. ಮೆಸೇಜು ಬಂದ ಮೇಲೆ ಆ ಪಾಡು ತಪ್ಪಿತು. ‘ಬಣ್ಣ ಎಷ್ಟು?’ ಎಂದು ಇವಳು ಕುಟ್ಟಿದರೆ ಅರೆಗಳಿಗೆಯಲ್ಲಿ ಉತ್ತರ. ಅತ್ತ ಇರುವವರಿಗೆ ಇವಳು ಕಿವಿ ಕೇಳದವಳು ಎಂಬುದೇ ನೆನಪಿರುತ್ತಿರಲಿಲ್ಲ. ಬೇರೆಯವರಿಗೆ ಮೆಸೇಜು ಒಂದು ಅನುಕೂಲ. ಅವಳಿಗೆ ಅದು ಎಲ್ಲರ ಸಮಕ್ಕೆ ನಿಲ್ಲುವ ಜಾಗ.

ಅಂಥವಳಿಗೆ, ಆ ಆರು ಮಂದಿಯಲ್ಲಿ ಒಬ್ಬರಾದ ಡಾಕ್ಟರಮ್ಮ ಒಂದು ಶುಕ್ರವಾರ ಕ್ಲಿನಿಕ್ಕಿನಲ್ಲಿ ಎಲ್ಲರೆದುರು ಮಾಸ್ಕು ಕೆಳಗಿಳಿಸಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದರು: “ನಾಲ್ಕು ಸಲ ಮೆಸೇಜು ಹಾಕಿದೀನಿ. ಬಣ್ಣ ಬದಲಾಗಿದೆ ಅಂತ, ಬುಧವಾರಕ್ಕೇ ಬೇಕು ಅಂತ. ನೀವು ನೋಡೋ ಗೋಜಿಗೇ ಹೋಗಿಲ್ಲ. ಪಾಪ, ಆ ಹೆಡ್‌ಮಾಸ್ಟ್ರು ನಿನ್ನೆ ಅವರ ಬೀಳ್ಕೊಡುಗೆ ಸಭೇಲಿ ಬಾಯಿಗೆ ಕರ್ಚೀಫು ಅಡ್ಡ ಇಟ್ಕೊಂಡು ಮಾತಾಡಿದ್ರಂತೆ. ಕಿವಿ ಕೇಳೋರಿಗೆ ಕೆಲಸ ಕೊಟ್ಟಿದ್ರೆ ಒಂದು ಫೋನಾದ್ರೂ ಮಾಡಬಹುದಿತ್ತು.”

“ನನಗೆ ಒಂದು ಮೆಸೇಜೂ ಬಂದಿಲ್ಲ ಡಾಕ್ಟ್ರೇ,” ಎಂದಳು ಹಲ್ಲಕ್ಕ. ದನಿ ತುಸು ಎತ್ತರವಾಯಿತೇನೋ, ಕಾದು ಕೂತಿದ್ದವರು ತಿರುಗಿ ನೋಡಿದರು.

ಡಾಕ್ಟರಮ್ಮ ತಮ್ಮ ಫೋನು ತೆಗೆದು ಅವಳ ಮೂಗಿನ ಮುಂದೆ ಹಿಡಿದರು. ನಾಲ್ಕು ಮೆಸೇಜು. ನಾಲ್ಕರ ಕೆಳಗೂ ‘ಮುಟ್ಟಿದೆ’ ಎಂಬ ಗುರುತು. ಹಲ್ಲಕ್ಕ ತನ್ನ ಫೋನು ತೆಗೆದು ತೋರಿಸಿದಳು. ಅಲ್ಲಿ ಮೂರು ವಾರದಿಂದ ಡಾಕ್ಟರಮ್ಮನ ಸುದ್ದಿಯೇ ಇಲ್ಲ. ಡಾಕ್ಟರಮ್ಮ ಅದನ್ನು ನೋಡಿ ಹುಬ್ಬು ಕುಣಿಸಿದರು ಅಷ್ಟೇ. ಅಳಿಸಿ ಹಾಕಿ ಬಂದಿದ್ದಾಳೆ ಎಂದು ಆ ಹುಬ್ಬು ಹೇಳಿತು. ತುಟಿಯಷ್ಟೇ ಚೆನ್ನಾಗಿ ಹುಬ್ಬನ್ನೂ ಓದಬಲ್ಲ ಹೆಂಗಸು ಅವಳು. ಮೈಯೆಲ್ಲ ಉರಿದುಹೋಯಿತು.

ಅಲ್ಲಿಂದ ನೇರ ಫೋನಿನ ಅಂಗಡಿಗೆ ನಡೆದಳು. ಊರೂರಲ್ಲೂ ಶಾಖೆ ಇಟ್ಟುಕೊಂಡ ದೊಡ್ಡ ಅಂಗಡಿ ಅದು. ಮೂರು ವಾರದ ಹಿಂದೆ ಹಳೆಯ ಫೋನು ಕೊಟ್ಟು, ಬೇರೆ ಕಂಪನಿಯ ಈ ಹೊಸ ಫೋನನ್ನು ಅವಳು ಕೊಂಡದ್ದು ಅಲ್ಲಿಯೇ. ಕೌಂಟರಿನವನಿಗೆ ದಪ್ಪ ಮೀಸೆ. ಮೀಸೆಯವರು ಅವಳ ಮಟ್ಟಿಗೆ ಹುಟ್ಟಾ ಶತ್ರುಗಳು, ಅರ್ಧ ಮಾತು ಕೂದಲಲ್ಲೇ ಸಿಕ್ಕಿಕೊಳ್ಳುತ್ತದೆ. ಕಾಗದದ ಮೇಲೆ ಬರೆದುಕೊಡಿ ಎಂದಳು. ಅವನು ಬರೆದ: ‘ನಮ್ಮ ಹೆಲ್ಪ್‌ಲೈನ್‌ಗೆ ಕಾಲ್ ಮಾಡಿ.’

“ನನಗೆ ಕಿವಿ ಕೇಳಲ್ಲ.”

ಅವನು ಪಾಪ ಅನ್ನುವ ಮುಖ ಮಾಡಿ, ಅದರ ಕೆಳಗೇ ಬರೆದ: ‘ಮನೆಯವರ ಹತ್ತಿರ ಮಾಡಿಸಿ.’

ಮನೆಯವರು ಅಂದರೆ ಗಂಡ, ಸಿಟಿ ಬಸ್ಸಿನ ಡ್ರೈವರು. ಸಂಜೆ ಪಾಳಿ ಮುಗಿಸಿ ಬಂದವನು ಬೂಟು ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತು ಹೆಲ್ಪ್‌ಲೈನಿಗೆ ಹಚ್ಚಿದ. ಒಂದು ಒತ್ತಿ, ಮೂರು ಒತ್ತಿ, ಇಪ್ಪತ್ತು ನಿಮಿಷ ಹಾಡು ಕೇಳಿ, ಕೊನೆಗೆ ಒಬ್ಬಳು ಸಿಕ್ಕಳು. ಫೋನು ಯಾರ ಹೆಸರಲ್ಲಿದೆಯೋ ಅವರ ದನಿಯನ್ನೇ ಕೇಳಬೇಕು, ಅದು ನಿಯಮ ಅಂದಳಂತೆ. ಹಲ್ಲಕ್ಕ ಫೋನು ಕೈಗೆ ತೆಗೆದುಕೊಂಡು, ತನಗೆ ಒಂದಕ್ಷರವೂ ಕೇಳದ ಆ ಗಾಜಿನ ತುಂಡಿಗೆ ತನ್ನ ಹೆಸರು, ವಿಳಾಸ, ಹುಟ್ಟಿದ ತಾರೀಕು ಎಲ್ಲ ಹೇಳಿದಳು. ಗಂಡನ ಮುಖ ನೋಡಿದಳು. ಗಂಡನ ಮುಖ ಕೆಂಪಾಗಿತ್ತು.

“ಏನಂತೆ?”

“ನೀನು ಅವರ ಪ್ರಶ್ನೆಗೆ ಉತ್ತರ ಕೊಡ್ತಿಲ್ವಂತೆ. ಅದಕ್ಕೇ ಕಟ್ ಮಾಡಿದ್ರು.”

ಅವತ್ತು ಅವಳಿಗೆ ಊಟ ಸೇರಲಿಲ್ಲ. ಫೋನು ಬಿಟ್ಟಿರದ ನಾನು ಮೆಸೇಜು ನೋಡಲಿಲ್ಲ ಅಂದರೆ ಊರಲ್ಲಿ ಯಾರು ನಂಬುತ್ತಾರೆ? ಕಿವುಡರಿಗೆ ದೂರು ಹೇಳಲು ಫೋನು ಮಾಡಿ ಅನ್ನುವವರಿಗೆ ತಲೆಯಲ್ಲಿ ಏನು ತುಂಬಿದೆ? ಒಬ್ಬರಾದರೂ ಈ ನಿಯಮವನ್ನು ಬರೆಯುವ ಮೊದಲು ಒಂದು ನಿಮಿಷ ಯೋಚಿಸಿದ್ದರೇ?

ಆದರೆ ಸಿಟ್ಟು ಮಾಡಿಕೊಂಡು ಕೂರುವ ಜಾತಿಯಲ್ಲ ಅವಳು. ಹಲ್ಲು ಕೂರಲಿಲ್ಲ ಅಂದರೆ ಅದು ಅಚ್ಚಿನ ತಪ್ಪೋ, ಮೇಣದ ತಪ್ಪೋ, ಬೇಯಿಸಿದ್ದರ ತಪ್ಪೋ ಎಂದು ಒಂದೊಂದಾಗಿ ಹಿಂದಕ್ಕೆ ನಡೆದು ನೋಡುವುದು ಅವಳ ರೂಢಿ. ಇದನ್ನೂ ಹಾಗೆಯೇ ನೋಡಿದಳು. ಮರುದಿನ ಬೆಳಿಗ್ಗೆ ಗಂಡನ ಫೋನಿನಿಂದ ಐದು ಮೆಸೇಜು ಕಳಿಸಿದಳು. ಐದೂ ಬಂದವು. ಫೋನನ್ನು ಆರಿಸಿ ಹಚ್ಚಿದಳು, ಸಿಮ್ಮು ತೆಗೆದು ಒರೆಸಿ ಹಾಕಿದಳು, ಮತ್ತೆ ಕಳಿಸಿದಳು. ಬಂದವು. ಅಷ್ಟರಲ್ಲಿ ನಾದಿನಿ ಬಂದಳು. ಅವಳು ಬೇಕರಿಯಲ್ಲಿ ಕೆಲಸ ಮಾಡುವವಳು, ಮಾತಿಗಿಂತ ಮುಂಚೆ ನಗು ಬರುವವಳು.

“ಅತ್ಗೆ, ನಾನೂ ನಿಮಗೆ ಎರಡು ವಾರದಿಂದ ಹಾಕ್ತಾನೇ ಇದೀನಿ. ನನ್ನ ಮೇಲೆ ಮುನಿಸ್ಕೊಂಡಿದೀರಿ ಅಂತ ಸುಮ್ಮನಿದ್ದೆ,” ಎಂದಳು.

ಹಲ್ಲಕ್ಕ ಅವಳ ಫೋನು ಇಸಿದುಕೊಂಡಳು. ತಾನು ಹಿಂದೆ ಇಟ್ಟುಕೊಂಡಿದ್ದ ಕಂಪನಿಯದೇ ಫೋನು. ಡಾಕ್ಟರಮ್ಮನದೂ ಅದೇ, ಗಂಡನದು ಮಾತ್ರ ಬೇರೆ. ಒಂದು ಮೆಸೇಜು ಕಳಿಸಿದಳು. ಕೆಳಗೆ ‘ಮುಟ್ಟಿದೆ’ ಎಂದು ಬಂತು. ಮೇಜಿನ ಮೇಲಿದ್ದ ಅವಳ ಸ್ವಂತ ಫೋನು ಕಲ್ಲಿನ ಹಾಗೆ ಬಿದ್ದಿತ್ತು.

“ಮುಟ್ಟಿದೆ ಅಂತಿದೆ,” ಎಂದಳು ಹಲ್ಲಕ್ಕ. “ಯಾರಿಗೆ ಮುಟ್ಟಿದೆ?”

ಇಬ್ಬರೂ ನೋಡುತ್ತ ನಿಂತಿದ್ದಂತೆಯೇ ಆ ಗುರುತು ಬದಲಾಯಿತು. ‘ಮುಟ್ಟಿದೆ’ ಹೋಗಿ ‘ಓದಿದ್ದಾರೆ’ ಎಂದಾಯಿತು. ನಾದಿನಿಯ ನಗು ಅಲ್ಲೇ ನಿಂತಿತು. ಯಾರೋ, ಎಲ್ಲೋ, ಹಲ್ಲಕ್ಕನ ಮೆಸೇಜು ತೆರೆದು ಓದುತ್ತಿದ್ದಾರೆ.

ಆ ಕಂಪನಿಯ ಫೋನುಗಳು ತಮ್ಮತಮ್ಮಲ್ಲಿ ಮೆಸೇಜು ಕಳಿಸುವಾಗ ಸಿಮ್ಮಿನ ದಾರಿ ಹಿಡಿಯುವುದಿಲ್ಲ, ಇಂಟರ್ನೆಟ್ಟಿನ ಒಳದಾರಿಯಲ್ಲಿ ಹೋಗುತ್ತವೆ ಎಂದು ಅವಳು ಕಂಪನಿಯ ಪುಟದಲ್ಲೇ ಓದಿದಳು. ಸಿಮ್ಮು ಬೇರೆ ಫೋನಿಗೆ ಹೋದರೂ, ಹಳೆಯ ಫೋನಿನಿಂದ ನಂಬರನ್ನು ಬಿಡಿಸದಿದ್ದರೆ ಮೆಸೇಜು ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತದೆ. ಹಳೆಯ ಫೋನನ್ನು ಅಂಗಡಿಗೆ ಕೊಟ್ಟಿದ್ದಳಲ್ಲ? ಲಾಕು ತೆಗೆದುಕೊಡಿ ಮೇಡಂ, ಎಲ್ಲ ಅಳಿಸಿ ಗೋದಾಮಿಗೆ ಕಳಿಸ್ತೀವಿ ಎಂದು ಹೇಳಿದ್ದವನು ಅದೇ ಮೀಸೆಯವನು.

ಹನ್ನೊಂದು ಗಂಟೆಗೆ ಅತ್ತಿಗೆ ನಾದಿನಿ ಇಬ್ಬರೂ ಅಂಗಡಿಯಲ್ಲಿದ್ದರು. ಹಲ್ಲಕ್ಕ ಏನೂ ಕೇಳಲಿಲ್ಲ. ಕೌಂಟರಿನ ಗಾಜಿನ ಮೇಲೆ ಎರಡೂ ಅಂಗೈ ಚಪ್ಪಟೆಯಾಗಿ ಊರಿ ನಿಂತಳು. ಬಾಗಿಲ ಬಳಿ ನಿಂತ ನಾದಿನಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ನಾದಿನಿ ತನ್ನ ಫೋನಿನಲ್ಲಿ ಮೆಸೇಜು ಕಳಿಸುವ ಗುಂಡಿ ಒತ್ತಿದಳು.

ಗಾಜು ನಡುಗಿತು. ಬಹಳ ಸಣ್ಣಗೆ, ಎರಡು ಸಲ. ಕಿವಿ ಕೇಳುವವರಾಗಿದ್ದರೆ ಅಂಗಡಿಯ ಹಾಡಿನ ಗದ್ದಲದಲ್ಲಿ ಗೊತ್ತಾಗುತ್ತಿರಲಿಲ್ಲ. ಹಲ್ಲಕ್ಕನ ಬಲ ಅಂಗೈಗೆ ಚೆನ್ನಾಗಿ ಗೊತ್ತಾಯಿತು.

“ಇದರ ಕೆಳಗಿನ ಡ್ರಾಯರು ತೆಗೀರಿ,” ಎಂದಳು. ಈ ಸಲ ದನಿ ಎಷ್ಟು ಎತ್ತರವಿದೆ ಎಂದು ಅವಳು ಲೆಕ್ಕ ಹಾಕಲಿಲ್ಲ.

ಮೀಸೆಯವನು ತಡಬಡಿಸಿದ. ಮ್ಯಾನೇಜರು ಒಳಗಿನಿಂದ ಬಂದ. ಡ್ರಾಯರು ತೆರೆದರೆ, ಚಾರ್ಜರಿನ ವೈರಿಗೆ ಸಿಕ್ಕಿಸಿಕೊಂಡು ಬೆಚ್ಚಗೆ ಮಲಗಿತ್ತು ಅವಳ ಹಳೆಯ ಫೋನು. ಅಂಗಡಿಗೆಲ್ಲ ಹಾಡು ಹಾಕಲು ಅದನ್ನೇ ಇಟ್ಟುಕೊಂಡಿದ್ದರು.

“ಯಾರದ್ದೋ ಹಲ್ಲಿನ ಮೆಸೇಜು ಬರ್ತಾನೇ ಇರ್ತಿತ್ತು ಮೇಡಂ,” ಎಂದು ಮೀಸೆಯವನು ತಲೆ ಕೆರೆದುಕೊಂಡ. “ರಾಂಗ್ ನಂಬರ್ ಇರಬೇಕು ಅಂತ... ಒಂದೊಂದನ್ನ ತೆರೆದು ನೋಡಿ ಬಿಟ್ಬಿಡ್ತಿದ್ವಿ.” ನಾದಿನಿ ಅದನ್ನು ತುಟಿ ಬಿಡಿಸಿ ಅತ್ತಿಗೆಗೆ ತಿರುಗಿ ಹೇಳಿದಳು.

ಅರವತ್ತೊಂದು ಮೆಸೇಜು. ಡಾಕ್ಟರಮ್ಮನವು, ನಾದಿನಿಯವು, ಇನ್ನಿಬ್ಬರು ಡಾಕ್ಟರರವು. ಬೆರಳು ಕೆಳಗೆ ಸರಿಯುತ್ತ ಸರಿಯುತ್ತ ಒಂದೆಡೆ ನಿಂತುಬಿಟ್ಟಿತು. ಕಿವುಡ ಮಕ್ಕಳ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಗೆಳತಿ, ಮದುವೆಯಾಗಿ ದೂರದೇಶಕ್ಕೆ ಹೋಗಿ ಹನ್ನೊಂದು ವರ್ಷವಾಗಿತ್ತು. ‘ಮಂಗಳವಾರ ನಿಮ್ಮೂರ ಮೇಲೆ ಹೋಗ್ತಿದೀನಿ. ರೈಲು ಬದಲಿಸಲು ಮೂರು ಗಂಟೆ ಇದೆ. ಬಾ.’ ಮರುದಿನ: ‘ಬರ್ತೀಯಲ್ಲ?’ ಮಂಗಳವಾರ: ‘ಗಡಿಯಾರದ ಕೆಳಗೆ ಕೂತಿದೀನಿ.’ ಒಂದು ಗಂಟೆಯ ನಂತರ: ‘ಇನ್ನೂ ಕೂತಿದೀನಿ.’ ಕೊನೆಯದು: ‘ಓದಿದೀಯ ಅಂತ ತೋರಿಸ್ತಿದೆ. ಇರಲಿ ಬಿಡು.’

ಹಲ್ಲಕ್ಕ ಆ ಮೆಸೇಜುಗಳನ್ನು ಎರಡು ಸಲ ಓದಿದಳು. ಮ್ಯಾನೇಜರು ಅಷ್ಟರಲ್ಲಿ ಒಂದು ಹೊಸ ಫೋನು ಕವರನ್ನು ಕೌಂಟರಿನ ಮೇಲೆ ತಂದಿಟ್ಟು, ಇದು ನಮ್ಮ ಕಡೆಯಿಂದ ಎಂಬಂತೆ ನಗುತ್ತಿದ್ದ.

“ಈ ಕವರಿನಿಂದ ನನ್ನ ಮರ್ಯಾದೆ ಮುಚ್ಚುತ್ತಾ?” ಎಂದಳು ಅವಳು. “ಮೂರು ಗಂಟೆ ಕಾದು ಕೂತಳಲ್ಲ, ಅದನ್ನ ವಾಪಸ್ ಕೊಡ್ತೀರಾ? ನನ್ನನ್ನ ಸುಳ್ಳಿ ಅಂದ್ರು. ಕಿವುಡಿ ಅಂದ್ರು. ನಿಮಗೆ ಹಾಡು ಕೇಳಬೇಕಿತ್ತು!”

ಅಂಗಡಿಯಲ್ಲಿದ್ದ ಏಳೆಂಟು ಗಿರಾಕಿಗಳು ಕೌಂಟರಿನ ಹತ್ತಿರ ಬಂದು ನಿಂತರು. ಯಾರೋ ಹಾಡು ನಿಲ್ಲಿಸಿದರಂತೆ, ನಾದಿನಿ ಆಮೇಲೆ ಹೇಳಿದಳು.

ಅವಳು ಅರವತ್ತೊಂದರದ್ದೂ ಫೋಟೋ ತೆಗೆದುಕೊಂಡಳು. ಹಳೆಯ ಫೋನಿನ ಸೆಟ್ಟಿಂಗಿಗೆ ಹೋಗಿ ತನ್ನ ನಂಬರನ್ನು ತಾನೇ ಬಿಡಿಸಿದಳು, ಖಾತೆ ತೆಗೆದಳು, ಪೂರ್ತಿ ಅಳಿಸಿದಳು. ನಾದಿನಿಯಿಂದ ಮತ್ತೊಂದು ಮೆಸೇಜು ಹಾಕಿಸಿದಳು. ಹೊಸ ಫೋನು ಅಂಗೈಯಲ್ಲಿ ಗುಬ್ಬಿಯ ಹಾಗೆ ಅದುರಿತು. ಅಷ್ಟೇ ಕೆಲಸ. ಐದು ನಿಮಿಷದ್ದು. ಆಮೇಲೆ ಮ್ಯಾನೇಜರನನ್ನು ಕೂರಿಸಿ, ತಪ್ಪು ನಮ್ಮ ಅಂಗಡಿಯದು ಎಂದು ಅವನ ಕೈಯಲ್ಲೇ ಬರೆಸಿ, ಸೀಲು ಒತ್ತಿಸಿಕೊಂಡೇ ಎದ್ದಳು.

ಡಾಕ್ಟರಮ್ಮ ಆ ಕಾಗದ ಓದಿ, “ಅಯ್ಯೋ, ನಮಗೇನು ಗೊತ್ತು, ಹೀಗೂ ಆಗುತ್ತೆ ಅಂತ,” ಎಂದರು. ಅದು ಕ್ಷಮೆ ಕೇಳಿದ ಹಾಗೂ ಆಗಲಿಲ್ಲ, ಕೇಳದ ಹಾಗೂ ಆಗಲಿಲ್ಲ. ಹಲ್ಲಕ್ಕ ಹೆಡ್‌ಮಾಸ್ತರರ ಹಲ್ಲನ್ನು ಸರಿಯಾದ ಬಣ್ಣದಲ್ಲಿ ಮಾಡಿ, ತಾನೇ ಅವರ ಮನೆಗೆ ಹೋಗಿ, ನಡೆದದ್ದನ್ನು ಬರೆದು ತೋರಿಸಿ ಬಂದಳು. ಡಾಕ್ಟರಮ್ಮನಿಗೆ ಮಾತ್ರ ಆರು ತಿಂಗಳು ಕೆಲಸ ಮಾಡಿಕೊಡಲಿಲ್ಲ. ಗೆಳತಿಗೆ ಅರವತ್ತೊಂದರಲ್ಲಿ ಐದರ ಫೋಟೋ ಕಳಿಸಿದಳು. ಆ ರಾತ್ರಿಯೇ ಇಬ್ಬರೂ ವಿಡಿಯೋದಲ್ಲಿ ಕೈಸನ್ನೆಯಲ್ಲಿ ಜಗಳವಾಡಿ, ಅತ್ತು, ಆ ಮೀಸೆಯವನ ಮೀಸೆಯನ್ನು ಗಾಳಿಯಲ್ಲಿ ಬರೆದು ಬರೆದು ನಕ್ಕರು.

ಅಂಗಡಿಯ ಮುಖ್ಯ ಕಚೇರಿಗೆ ಅವಳು ಆರು ಪುಟದ ದೂರು ಬರೆದಳು. ‘ಫೋನು ಮಾಡಬೇಡಿ, ಬರೆದು ಉತ್ತರಿಸಿ’ ಎಂದು ಮೊದಲ ಸಾಲಿನಲ್ಲೇ ಹೇಳಿದ್ದಳು. ಹತ್ತು ದಿನಕ್ಕೆ ಉತ್ತರ ಬಂತು: ‘ತಮ್ಮನ್ನು ಮೂರು ಬಾರಿ ದೂರವಾಣಿಯಲ್ಲಿ ಸಂಪರ್ಕಿಸಲು ಯತ್ನಿಸಲಾಯಿತು. ತಾವು ಕರೆ ಸ್ವೀಕರಿಸದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ.’

ಗಂಡ ಅದನ್ನು ಓದಿ ನಗಬೇಕೋ ಅಳಬೇಕೋ ತಿಳಿಯದೆ, “ಹೋಗ್ಲಿ ಬಿಡೇ, ಇವರ ಜೊತೆ ಎಷ್ಟು ಅಂತ ಹೊಡೆದಾಡ್ತೀಯ,” ಎಂದ.

“ನೀವು ಬಿಡಿ. ನಾನು ಬಿಡಲ್ಲ.”

ಪ್ರತಿ ಮಂಗಳವಾರ ಬೆಳಿಗ್ಗೆ ಮುಖ್ಯ ಕಚೇರಿಗೆ ಹೋಗಿ ಕೂರತೊಡಗಿದಳು. ಮೊದಲ ವಾರ ಕಾವಲಿನವನು ಒಳಗೆ ಬಿಡಲಿಲ್ಲ. ಎರಡನೆಯ ವಾರ ಗುಮಾಸ್ತೆ ಕುರ್ಚಿ ಕೊಟ್ಟಳು. ಮೂರನೆಯ ವಾರ ಸಾಹೇಬರು ಕರೆದು, “ನಿಮಗೆ ಸ್ಪೆಷಲ್ಲಾಗಿ ಮಾಡಿಕೊಡೋಣ ಬಿಡಿ, ನಿಮ್ಮ ನಂಬರಿಗೆ ಮಾತ್ರ ಮೆಸೇಜಲ್ಲೇ ಉತ್ತರ ಕೊಡ್ತೀವಿ,” ಎಂದರು. ಕ್ಷೌರ ಮಾಡಿಕೊಂಡ ನುಣ್ಣನೆಯ ಮುಖ, ಒಂದಕ್ಷರವೂ ತಪ್ಪಲಿಲ್ಲ.

“ನನಗೊಬ್ಬಳಿಗೆ ಬೇಡ ಸಾರ್. ನನ್ನ ಶಾಲೇಲೇ ಒಂದು ಬ್ಯಾಚಿಗೆ ಮೂವತ್ತು ಜನ ಇದ್ವಿ,” ಎಂದಳು.

“ನಿಯಮ ಬದಲಾಯಿಸೋಕೆ ಟೈಮ್ ಹಿಡಿಯುತ್ತಮ್ಮ.”

“ಹಿಡೀಲಿ. ನಾನು ಮಂಗಳವಾರ ಬರ್ತೀನಿ.”

ಏಳನೆಯ ಮಂಗಳವಾರ ಅವಳು ಹೋದಾಗ, ಗುಮಾಸ್ತೆ ಎದ್ದುಬಂದು ಒಂದು ಮುದ್ರಿಸಿದ ಹಾಳೆ ಕೊಟ್ಟಳು. ಎಲ್ಲ ಶಾಖೆಗಳಿಗೂ ಹೋಗುವ ಸುತ್ತೋಲೆ. ಕಿವಿ ಕೇಳದವರು ದೂರು ಬರೆಯಲು ಬೇರೊಂದು ನಂಬರು, ದನಿಯ ಬದಲು ಗುರುತಿನ ಚೀಟಿ ಸಾಕು, ಹಿಂದಿರುಗಿ ಬಂದ ಫೋನನ್ನು ಗಿರಾಕಿಯ ಎದುರೇ ಅಳಿಸತಕ್ಕದ್ದು. ಹಲ್ಲಕ್ಕ ಅಲ್ಲೇ ನಿಂತು ಆ ನಂಬರಿಗೆ ‘ಯಾರಾದರೂ ಇದ್ದೀರಾ?’ ಎಂದು ಹಾಕಿದಳು. ಉತ್ತರ ಬರಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಗುಮಾಸ್ತೆ ಗಾಬರಿಯಾಗಿ ಒಳಗೆ ಓಡಿದಳು. ನಲವತ್ತು ನಿಮಿಷದ ಮೇಲೆ ಉತ್ತರ ಬಂತು: ‘ಇದ್ದೇವೆ ಮೇಡಂ, ಹೇಳಿ.’